ಬೆಂಗಳೂರಿನಿಂದ ಹುಬ್ಬಳ್ಳಿಗೆ ಮೊದಲ ಸಲ ನೀವೇ ಕಾರು ಓಡಿಸುವುದಾದರೆ

ಊರೊಳಗೆ ಓಡಿಸಿ ಕೈ ಕುದುರಿದವರಿಗೆ ಹೆದ್ದಾರಿಯ ಮೊದಲ ಅರ್ಧ ಗಂಟೆ ಬಲು ಸಲೀಸು ಅನ್ನಿಸುತ್ತದೆ. ಪದೇ ಪದೇ ಕ್ಲಚ್ ತುಳಿಯಬೇಕಿಲ್ಲ, ಸಿಗ್ನಲ್ ಇಲ್ಲ, ಪಕ್ಕದಿಂದ ಆಟೋ ನುಗ್ಗುವುದಿಲ್ಲ. ತೊಂದರೆ ಇರುವುದೇ ಆ ಸಲೀಸಿನಲ್ಲಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. 100ರಲ್ಲಿ ಸುಮಾರು 28 ಮೀಟರ್. ಊರಲ್ಲಿ ಕ್ಷಣಕಾಲ ಕಣ್ಣು ತಪ್ಪಿದರೆ ಬಂಪರ್ ನುಗ್ಗಾಗುತ್ತದೆ, ಇಲ್ಲಿ ಅಷ್ಟೇ ಹೊತ್ತಿಗೆ ಲಾರಿಯ ಹಿಂಭಾಗ ಗಾಜಿನೆದುರು ಬಂದಿರುತ್ತದೆ. ದೂರ ನೋಡುವುದು, ಬೇಗ ನಿರ್ಧರಿಸುವುದು, ಮುಂದೆ ಜಾಗ ಉಳಿಸಿಕೊಳ್ಳುವುದು: ಹೆದ್ದಾರಿಯಲ್ಲಿ ಮುಕ್ಕಾಲು ಕೆಲಸ ಇದೇ.

ಯಾವ ರಸ್ತೆಯಲ್ಲಿ ಶುರು ಮಾಡಬೇಕು

ನಮ್ಮಲ್ಲಿ 'ಹೈವೇ' ಎಂದು ಒಂದೇ ಹೆಸರಲ್ಲಿ ಕರೆಯುವುದು ಎರಡು ಬೇರೆ ಬೇರೆ ಜಾತಿಯ ರಸ್ತೆಗಳನ್ನು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಎಲ್ಲೆಂದರಲ್ಲಿ ನುಗ್ಗುವಂತಿಲ್ಲ. ಎರಡೂ ಬದಿ ಸರ್ವಿಸ್ ರಸ್ತೆ, ಊರುಗಳಿಗೆಲ್ಲ ಬೈಪಾಸ್. 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವೂ ಇಲ್ಲ. ತುಮಕೂರು, ಚಿತ್ರದುರ್ಗ, ದಾವಣಗೆರೆ ಮೂಲಕ ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಹಾಗಲ್ಲ. ನಡುವೆ ಡಿವೈಡರ್ ಇದ್ದರೂ ಅಲ್ಲಲ್ಲಿ ಬಾಯಿ ತೆರೆದಿರುತ್ತದೆ; ದನ, ಕುರಿಮಂದೆ, ಬಸ್ಸಿಗೆ ಓಡುವ ಜನ, ಎದುರು ದಿಕ್ಕಿನಲ್ಲಿ ಬರುವ ಬೈಕ್ ಎಲ್ಲವೂ ಅಲ್ಲಿ ಸಿಗುತ್ತವೆ.

ಮೊದಲು ಭಾನುವಾರ ಬೆಳಗಿನ ಹೊತ್ತು ಮೈಸೂರು ರಸ್ತೆಯಲ್ಲಿ ಮಂಡ್ಯದವರೆಗೆ ಹೋಗಿ ಬನ್ನಿ. ಪಕ್ಕದಲ್ಲಿ ಅನುಭವಿ ಚಾಲಕರೊಬ್ಬರು ಇರಲಿ. ಅದು ಕೈಹಿಡಿದ ಮೇಲೆ ಸುಮಾರು 410 ಕಿ.ಮೀ.ಯ ಹುಬ್ಬಳ್ಳಿ ದಾರಿ. ಅದಕ್ಕೆ ನಿಲುಗಡೆಗಳೂ ಸೇರಿ ಎಂಟು ಗಂಟೆ ಇಟ್ಟುಕೊಳ್ಳಿ. ಆರು ಗಂಟೆಯಲ್ಲಿ ಮುಟ್ಟಿದೆ ಎನ್ನುವವರ ಮಾತು ಕೇಳಿ ಸುಮ್ಮನಿದ್ದುಬಿಡಿ.

ಹೊರಡುವ ಹಿಂದಿನ ದಿನ: ಟೈರ್ ಮೊದಲು

ಎಂಜಿನ್ ಆಯಿಲ್, ಕೂಲಂಟ್, ಗಾಜು ತೊಳೆಯುವ ನೀರು, ವೈಪರ್ ರಬ್ಬರ್, ಬ್ರೇಕ್ ಲೈಟ್ – ಇವನ್ನೆಲ್ಲ ನೋಡಲು ಹತ್ತು ನಿಮಿಷ ಸಾಕು. ಟೈರಿಗೆ ಮಾತ್ರ ಸಮಯ ಕೊಡಿ.

ಡ್ರೈವರ್ ಬಾಗಿಲು ತೆರೆದರೆ ಕಾರಿನ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಎಷ್ಟು ಗಾಳಿ ಎಂಬುದು ಅದರಲ್ಲಿದೆ, ಸಾಮಾನ್ಯವಾಗಿ ಎರಡು ಲೆಕ್ಕದಲ್ಲಿ: ಇಬ್ಬರು ಮೂವರಿದ್ದಾಗ ಒಂದು, ಕಾರು ತುಂಬಿದಾಗ ಇನ್ನೊಂದು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದು 30ರಿಂದ 36 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಮಾನ) ನಡುವೆ ಇರುತ್ತದೆ. ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು ಎಂದರೆ ಎರಡನೆಯ ಲೆಕ್ಕವನ್ನೇ ಹಿಡಿಯಬೇಕು. ಕಾರು ಮೂರು ನಾಲ್ಕು ಗಂಟೆ ನಿಂತು ಟೈರ್ ತಣ್ಣಗಿರುವಾಗ ಅಳೆಸಿ.

'ಲಾಂಗ್ ಹೋಗ್ತಿದ್ದೀರಲ್ಲ ಸಾರ್, ಬಿಸಿಗೆ ಗಾಳಿ ಉಬ್ಬತ್ತೆ, ಎರಡು ಪಾಯಿಂಟ್ ಕಮ್ಮಿ ಇರ್ಲಿ' ಎಂಬ ಸಲಹೆ ಬಹಳ ಪಂಚರ್ ಅಂಗಡಿಗಳಲ್ಲಿ ಸಿಗುತ್ತದೆ. ಕೇಳಬೇಡಿ. ಬಿಸಿಗೆ ಒತ್ತಡ ಏರುವುದು ನಿಜ, ಆದರೆ ಚೀಟಿಯ ಲೆಕ್ಕದಲ್ಲಿ ಆ ಏರಿಕೆಯೂ ಸೇರಿಕೊಂಡಿದೆ. ಗಾಳಿ ಕಡಿಮೆಯಾದಾಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಹೆದ್ದಾರಿ ವೇಗದಲ್ಲಿ ಸೆಕೆಂಡಿಗೆ ಹತ್ತಾರು ಸಲ ಹೀಗೆ ಬಾಗಿ ಒಳಗೇ ಕಾವು ಹುಟ್ಟುತ್ತದೆ. ಆ ಕಾವಿಗೆ ರಬ್ಬರ್ ಮತ್ತು ಒಳಗಿನ ನೂಲಿನ ಪದರ ಬಿಟ್ಟುಕೊಂಡಾಗ ಟೈರ್ ಸಿಡಿಯುತ್ತದೆ. ದಾರಿ ಮಧ್ಯೆ ಬಿಸಿ ಟೈರ್ ಅಳೆದು, ಜಾಸ್ತಿ ಇದೆ ಎಂದು ಗಾಳಿ ಬಿಡುವುದೂ ಇದೇ ಕಾರಣಕ್ಕೆ ತಪ್ಪು. ನೈಟ್ರೋಜನ್ನೇ ಆಗಬೇಕೆಂದೇನೂ ಇಲ್ಲ; ಬರೀ ಗಾಳಿಯಾದರೂ ಒತ್ತಡ ಸರಿ ಇದ್ದರೆ ಸಾಕು.

ಆಮೇಲೆ ಟೈರಿನ ವಯಸ್ಸು. ಪಕ್ಕೆಯ ಮೇಲೆ ಡಿಒಟಿ ಅಕ್ಷರಗಳಿರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಕಾರಿನಲ್ಲಿ ಗೀರುಗಳು ಹೊಸದರಂತೆಯೇ ಕಂಡರೂ ರಬ್ಬರ್ ಒಣಗಿರಬಹುದು, ಪಕ್ಕೆಯಲ್ಲಿ ಸಣ್ಣ ಬಿರುಕು ಕಾಣುತ್ತದೆಯೇ ನೋಡಿ. ಗೀರುಗಳ ನಡುವೆ ಅಡ್ಡಕ್ಕೆ ಸಣ್ಣ ಉಬ್ಬುಗಳಿರುತ್ತವೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಆಳ 1.6 ಮಿ.ಮೀ.ಗೆ ಇಳಿದಿದೆ ಎಂದರ್ಥ. ಅಂಥ ಟೈರಿನಲ್ಲಿ ಹೊರಡಬೇಡಿ. ಪಕ್ಕೆ ಊದಿಕೊಂಡಿದ್ದರೂ ಅಷ್ಟೇ.

ಸ್ಟೆಪ್ನಿಯ ಗಾಳಿ ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ಅದು ಉಳಿದ ಚಕ್ರಗಳಿಗಿಂತ ಸಣಕಲಾಗಿದ್ದರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ, ಹೆಚ್ಚಾಗಿ 80 ಕಿ.ಮೀ. ಮನೆಯ ಮುಂದೆಯೇ ಒಂದು ಚಕ್ರದ ನಟ್ ಸಡಿಲಿಸಿ, ಮತ್ತೆ ಬಿಗಿ ಮಾಡಿ ನೋಡಿ. ಗ್ಯಾರೇಜಿನವರು ಗನ್ ಹಿಡಿದು ಬಿಗಿದ ನಟ್ ಕೈ ಸ್ಪ್ಯಾನರಿಗೆ ಜಗ್ಗದಿರುವುದು ಉಂಟು. ಅದು ಹಿರಿಯೂರಿನ ಬಿಸಿಲಲ್ಲಿ ಗೊತ್ತಾಗುವುದಕ್ಕಿಂತ ಮನೆ ಬಾಗಿಲಲ್ಲಿ ಗೊತ್ತಾಗಲಿ.

ಫಾಸ್ಟ್ಯಾಗ್‌ಗೆ ಹಿಂದಿನ ದಿನವೇ ದುಡ್ಡು ಹಾಕಿ. ಟೋಲ್ ಸಾಲಿನಲ್ಲಿ ನಿಂತು ರೀಚಾರ್ಜ್ ಮಾಡಿದ್ದು ಆ ಕ್ಷಣಕ್ಕೆ ನೋಂದಣಿಯಾಗದೆ ಹಿಂದಿನವರಿಂದ ಬೈಸಿಕೊಳ್ಳುವ ಕರ್ಮ ಬೇಡ.

ಕೂರುವ ಬಗೆ

ಬೆನ್ನು ಪೂರ್ತಿ ಆನಿಸಿ ಕೂತು ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗ್‌ನ ಮೇಲಂಚಿಗೆ ಬರಬೇಕು. ಬ್ರೇಕ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಎದೆಗೂ ಸ್ಟಿಯರಿಂಗ್‌ಗೂ ಕನಿಷ್ಠ 25 ಸೆಂ.ಮೀ. ಅಂತರವಿರಲಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಷ್ಟು ಜಾಗ ಬೇಕು. ಹೊರಗಿನ ಎರಡೂ ಕನ್ನಡಿಗಳಲ್ಲಿ ನಿಮ್ಮ ಕಾರಿನ ಮೈ ಅಂಚಿನಲ್ಲಷ್ಟೇ ಕಾಣಲಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. ಡಿಕ್ಕಿಯಾದಾಗ ಬೆಲ್ಟ್ ಇಲ್ಲದೆ ಹಿಂದೆ ಕೂತವರು ಮುಂದೆ ಕೂತವರ ಬೆನ್ನಿಗೆ ಬಂದು ಬಡಿಯುತ್ತಾರೆ, ಆಗ ಮುಂದಿನವರ ಬೆಲ್ಟೂ ಏರ್‌ಬ್ಯಾಗೂ ಅವರನ್ನು ಪೂರ್ತಿ ಕಾಯಲಾರವು. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ಅಭ್ಯಾಸವನ್ನು ಅಜ್ಜಿ ಎಷ್ಟೇ ಹಟ ಮಾಡಿದರೂ ಬಿಡಿಸಿ.

ನೀರಿನ ಬಾಟಲಿ ಡ್ರೈವರ್ ಕಾಲ ಬಳಿ ಉರುಳುವಂತೆ ಇಡಬೇಡಿ. ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಪೆಡಲ್ ಒತ್ತಲು ಬರುವುದಿಲ್ಲ.

ಮುಖ್ಯ ರಸ್ತೆಗೆ ಸೇರುವುದು, ಲೇನ್ ಹಿಡಿಯುವುದು

ಸರ್ವಿಸ್ ರಸ್ತೆಯಿಂದ ಮುಖ್ಯ ರಸ್ತೆಗೆ ಸೇರುವ ಜಾಗದಲ್ಲಿ ಹೊಸಬರು ಹೆದರಿ ನಿಂತುಬಿಡುತ್ತಾರೆ. ನಿಂತರೆ 90ರಲ್ಲಿ ಬರುವ ವಾಹನಗಳ ನಡುವೆ ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ. ಬಲಗಡೆ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಭುಜದ ಮೇಲಿಂದ ಒಮ್ಮೆ ತಿರುಗಿ ನೋಡಿ, ಸೇರುವ ಪಟ್ಟಿಯಲ್ಲಿಯೇ ವೇಗ ಏರಿಸಿಕೊಂಡು ಖಾಲಿ ಜಾಗಕ್ಕೆ ಸೇರಿ. ಸೇರುವ ಪಟ್ಟಿ ಗಿಡ್ಡವಾಗಿದ್ದರೆ ಮಾತ್ರ ಕಾಯಿರಿ, ದೊಡ್ಡ ಬಿಡುವು ಸಿಗುವವರೆಗೂ.

ಇಳಿಯುವ ದಾರಿ ತಪ್ಪಿದರೆ ಮುಂದಿನದಕ್ಕೆ ಹೋಗಿ. ರಿವರ್ಸ್ ಬರುವುದು, ಅಂಚಿನಲ್ಲಿ ನಿಂತು ಮ್ಯಾಪ್ ನೋಡುವುದು, ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೆ ಬರುವುದು ಯಾವುದೂ ಬೇಡ.

ಎಡಭಾಗ ಓಡುವುದಕ್ಕೆ, ಬಲತುದಿ ಓವರ್‌ಟೇಕ್‌ಗೆ. ಕಾನೂನು ಇಷ್ಟು ಸರಳ. ರಸ್ತೆ ಮೇಲೆ ಮಾತ್ರ ಲೋಡ್ ಲಾರಿ ಬಲತುದಿಯಲ್ಲಿ 50ರಲ್ಲಿ ಹೋಗುತ್ತಿರುತ್ತದೆ. ಒಮ್ಮೆ ಹೆಡ್‌ಲೈಟ್ ಮಿಣುಕಿಸಿ, ಸಣ್ಣದಾಗಿ ಹಾರ್ನ್ ಮಾಡಿ, ಹತ್ತು ಸೆಕೆಂಡ್ ಕಾಯಿರಿ. ಬಹಳ ಚಾಲಕರು ಜಾಗ ಕೊಡುತ್ತಾರೆ. ಕೊಡದೆ ಎಡದಿಂದಲೇ ದಾಟಬೇಕಾಗಿ ಬಂದರೆ ಎಡ ಲೇನ್ ದೂರದವರೆಗೂ ಖಾಲಿ ಇದೆಯೇ ನೋಡಿಕೊಳ್ಳಿ, ಲಾರಿಗಿಂತ 15–20 ಕಿ.ಮೀ.ಗಿಂತ ಹೆಚ್ಚು ವೇಗ ಬೇಡ. ಕೆಟ್ಟು ನಿಂತ ಲಾರಿ, ಡಾಬಾದಿಂದ ಹೊರಬರುವ ವಾಹನ, ಎದುರು ಬರುವ ಬೈಕ್ ಮೂರೂ ಸಿಗುವುದು ಎಡ ಲೇನಿನಲ್ಲೇ. ಬಿಳಿ ಪಟ್ಟಿಯಾಚೆಯ ಅಂಚಿಗೆ ಇಳಿದು ದಾಟುವುದಂತೂ ಯಾವ ಕಾರಣಕ್ಕೂ ಇಲ್ಲ.

ಲಾರಿ ದಾಟುವಾಗ ಅದರ ಪಕ್ಕದಲ್ಲಿ ಕಾಲಹರಣ ಮಾಡಬಾರದು. ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣುತ್ತಿಲ್ಲವೆಂದರೆ ಅವರಿಗೂ ನೀವು ಕಾಣುತ್ತಿಲ್ಲ. ಲಾರಿ ಬಲ ಇಂಡಿಕೇಟರ್ ಹಾಕಿದರೆ 'ದಾಟಿ ಹೋಗಿ' ಎಂಬ ಸನ್ನೆಯೆಂದು ಹಳಬರು ಹೇಳಿಕೊಟ್ಟಿರುತ್ತಾರೆ. ಡಿವೈಡರ್ ಇರುವ ರಸ್ತೆಯಲ್ಲಿ ಅದನ್ನು ನಂಬಬೇಡಿ, ಲಾರಿ ಬಲಕ್ಕೇ ಬರುತ್ತಿದೆ ಎಂದುಕೊಳ್ಳಿ. ದಾಟಿದ ಮೇಲೆ ಒಳಗಿನ ಕನ್ನಡಿಯಲ್ಲಿ ಲಾರಿಯ ಎರಡೂ ಹೆಡ್‌ಲೈಟ್ ಕಂಡ ನಂತರ ಎಡಕ್ಕೆ ಬನ್ನಿ.

ಅಂತರ ಮತ್ತು ವೇಗ

ಬೇರೇನು ಮರೆತರೂ ಇದನ್ನು ಮರೆಯಬೇಡಿ. ಮುಂದಿನ ಕಾರು ಒಂದು ಗುರುತನ್ನು – ದೀಪದ ಕಂಬ, ಬೋರ್ಡು, ಸೇತುವೆಯ ನೆರಳು – ದಾಟಿದ ಕ್ಷಣ 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು' ಎಂದು ಸಾಮಾನ್ಯ ಗತಿಯಲ್ಲಿ ಹೇಳಿಕೊಳ್ಳಿ. ಮುಗಿಯುವ ಮೊದಲೇ ನೀವು ಆ ಗುರುತು ತಲುಪಿದರೆ ತೀರಾ ಹತ್ತಿರ ಇದ್ದೀರಿ. ಮಳೆ ಬಂದರೆ, ಕತ್ತಲಾದರೆ, ಮುಂದೆ ಲಾರಿ ಇದ್ದರೆ ಐದರವರೆಗೆ ಎಣಿಸಿ.

ಲೆಕ್ಕ ಹೀಗಿದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳಿ. ಒಣ ರಸ್ತೆ, ಒಳ್ಳೆ ಟೈರ್, ಗಟ್ಟಿ ಬ್ರೇಕ್. 80ರಲ್ಲಿ ಕಾರು ನಿಲ್ಲಲು ಸುಮಾರು 70 ಮೀಟರ್ ಬೇಕು, 100ರಲ್ಲಿ ಹತ್ತಿರ ಹತ್ತಿರ 100, 120ರಲ್ಲಿ 130. ಒದ್ದೆ ರಸ್ತೆಯಲ್ಲಿ 100ರಿಂದ ನಿಲ್ಲುವುದಕ್ಕೇ 140 ಮೀಟರ್ ಆಗಬಹುದು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕು ಪಟ್ಟಾಗುತ್ತದೆ.

ಅಂತರ ಬಿಟ್ಟರೆ ಯಾರಾದರೂ ಬಂದು ನಡುವೆ ತೂರುತ್ತಾರೆ ಎಂಬ ದೂರು ನಿಜವೇ. ತೂರಲಿ. ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ ಮತ್ತೆ ಮೂರು ಸೆಕೆಂಡ್ ಮಾಡಿಕೊಳ್ಳಿ.

2018ರ ಕೇಂದ್ರ ಅಧಿಸೂಚನೆಯ ಪ್ರಕಾರ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಗರಿಷ್ಠ 120, ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಯಲ್ಲಿ 100. ಸ್ಥಳದಲ್ಲಿ ಅದಕ್ಕಿಂತ ಕಡಿಮೆಯ ಬೋರ್ಡ್ ಇದ್ದರೆ ಬೋರ್ಡೇ ಅಂತಿಮ. ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಕ್ಯಾಮೆರಾಗಳಿವೆ. 130 ದಾಟಿದರೆ ಎಫ್‌ಐಆರ್ ಹಾಕುವುದನ್ನು ಕರ್ನಾಟಕ ಪೊಲೀಸರು 2024ರ ಆಗಸ್ಟ್‌ನಿಂದ ಶುರು ಮಾಡಿದ್ದಾರೆ. ಆ 118 ಕಿ.ಮೀ. ಉದ್ದಕ್ಕೂ ಒಂದೇ ಸಮ ಓಡಿಸಿದರೂ 100ರ ಬದಲು 120ರಲ್ಲಿ ಹೋದವರಿಗೆ ಉಳಿಯುವುದು 12 ನಿಮಿಷ. ಮೈಸೂರಿನ ಮೊದಲ ಸಿಗ್ನಲ್ ಅದರಲ್ಲಿ ಎರಡನ್ನು ತಿಂದುಹಾಕುತ್ತದೆ. ಹೊಸಬರಿಗೆ 80ರಿಂದ 90 ಸರಿಯಾದ ವೇಗ.

ಹುಬ್ಬಳ್ಳಿ ದಾರಿಯ ಸ್ವಂತ ಅಪಾಯಗಳು

ಎಕ್ಸ್‌ಪ್ರೆಸ್‌ವೇ ಬಗ್ಗೆ ಓದಿ ಬಂದವರಿಗೆ ಗೊತ್ತಿರದ ಕೆಲವು ಸಂಗತಿ ಇಲ್ಲಿವೆ. ಡಿವೈಡರ್ ತೆರೆದಿರುವ ಪ್ರತಿ ಜಾಗದಲ್ಲೂ, ಎದುರಿಗೆ ಏನೂ ಕಾಣದಿದ್ದರೂ, ಕಾಲು ಆಕ್ಸಿಲರೇಟರಿನಿಂದ ಎತ್ತಿ ಬ್ರೇಕ್ ಮೇಲೆ ಇರಿಸಿ. ಅಲ್ಲಿಂದ ಟ್ರ್ಯಾಕ್ಟರ್ ಮೊದಲು ಮೂತಿ ಚಾಚಿ ಆಮೇಲೆ ನೋಡುತ್ತದೆ. ಡಿವೈಡರ್ ಗಿಡಗಳ ನಡುವೆ ಮೇಯುವ ದನ ಯಾವ ಕಡೆಗೆ ಇಳಿಯುತ್ತದೆ ಎಂದು ಹೇಳಲಾಗದು. ಒಂದು ಇಳಿದರೆ ಹಿಂದೆ ಇನ್ನೊಂದಿದೆ ಎಂದು ಭಾವಿಸಿ ನಿಧಾನಿಸಿ. ನಾಯಿ ಅಡ್ಡ ಬಂದಾಗ ಮಾತ್ರ ಸ್ಟಿಯರಿಂಗ್ ಜೋರಾಗಿ ಎಳೆಯಬೇಡಿ. 90ರಲ್ಲಿ ಹಾಗೆ ಎಳೆದ ಕಾರು ಪಲ್ಟಿಯಾಗಬಹುದು. ನೇರವಾಗಿಯೇ ಗಟ್ಟಿ ಬ್ರೇಕ್ ಹಿಡಿಯಿರಿ. ಎಬಿಎಸ್ (ಗಟ್ಟಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಪೆಡಲ್ ಗಡಗಡ ಅನ್ನುತ್ತದೆ, ಹೆದರಿ ಕಾಲು ತೆಗೆಯಬೇಡಿ, ಬಿಟ್ಟು ಬಿಟ್ಟು ಒತ್ತಲೂಬೇಡಿ.

ಕಬ್ಬಿನ ಹಂಗಾಮಿನಲ್ಲಿ ಸಂಜೆಯಾದ ಮೇಲೆ ಟ್ರೇಲರ್‌ಗಳು ದೊಡ್ಡ ಅಪಾಯ, ಮಂಡ್ಯ ಕಡೆಯೂ ಬೆಳಗಾವಿ ಕಡೆಯೂ. ಎರಡು ಟ್ರೇಲರ್ ಜೋಡಿಸಿರುತ್ತಾರೆ, ಹಿಂದೆ ದೀಪವಿರುವುದಿಲ್ಲ, ಕಬ್ಬಿನ ತುದಿಗಳು ಎರಡೂ ಪಕ್ಕಕ್ಕೆ ಚಾಚಿರುತ್ತವೆ.

ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿದರೆ ಸುಗ್ಗಿಯ ದಿನಗಳಲ್ಲಿ ಒಕ್ಕಣೆಗೆಂದು ಹುರುಳಿ, ರಾಗಿ ಹರಡಿರುತ್ತಾರೆ. ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬಿಸಿ ಸೈಲೆನ್ಸರ್ ತಾಗಿದರೆ ಬೆಂಕಿ ಹತ್ತುತ್ತದೆ. ಬದಿಯಲ್ಲಿ ಜಾಗವಿದ್ದರೆ ಬಳಸಿ ಹೋಗಿ. ಮೇಲೆ ಹಾಯಲೇಬೇಕಾದರೆ ದಾಟಿ, ಸ್ವಲ್ಪ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ. ಹುಲ್ಲಿನ ಮೇಲೆ ಮಾತ್ರ ಕಾರು ನಿಲ್ಲಿಸಬೇಡಿ.

ಚಿತ್ರದುರ್ಗದ ಹತ್ತಿರ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆ ಬಯಲಿನಲ್ಲಿ ಅಡ್ಡಗಾಳಿ ಜೋರು. ದೊಡ್ಡ ಕಂಟೇನರ್ ದಾಟುವಾಗ ಅದರ ಮರೆಯಲ್ಲಿ ಗಾಳಿ ನಿಂತು, ಹೊರಬಂದ ತಕ್ಷಣ ಕಾರನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ. ಎತ್ತರದ, ಹಗುರ ಕಾರಿನವರು 80ಕ್ಕೆ ಇಳಿಸಿ.

ಇನ್ನು ಸೂರ್ಯ. ಈ ರಸ್ತೆ ವಾಯವ್ಯಕ್ಕೆ ಹೋಗುವುದರಿಂದ ಬೆಳಿಗ್ಗೆ ಬೆಂಗಳೂರು ಬಿಟ್ಟರೆ ಬಿಸಿಲು ಬೆನ್ನಿಗೆ, ಸಂಜೆ ಕಣ್ಣಿಗೆ. ವಾಪಸು ಬರುವಾಗ ಉಲ್ಟಾ. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿರಿ. ಎದುರು ಬಿಸಿಲಿಗೆ ಕೊಳೆ ಗಾಜು ಪೂರ್ತಿ ಬೆಳ್ಳಗಾಗುತ್ತದೆ.

ಹುಬ್ಬಳ್ಳಿ ದಾಟಿ ಧಾರವಾಡ, ಬೆಳಗಾವಿಗೆ ಹೋಗುವವರು ಹುಬ್ಬಳ್ಳಿ–ಧಾರವಾಡ ಬೈಪಾಸ್ ಬಗ್ಗೆ ತಿಳಿದಿರಬೇಕು. ಅಲ್ಲಿಯವರೆಗೆ ಅಗಲವಾದ ರಸ್ತೆಯಲ್ಲಿ ಬಂದು, ವರ್ಷಗಟ್ಟಲೆ ಡಿವೈಡರ್ ಇಲ್ಲದೆ ಎರಡೇ ಲೇನಿನದಾಗಿದ್ದ ಭಾಗ ಅದು. ಅಗಲೀಕರಣ ಕಾಮಗಾರಿಯ ತಿರುವುಗಳು ಎಲ್ಲಿದ್ದರೂ 40ಕ್ಕೆ ಇಳಿಯಿರಿ, ಓವರ್‌ಟೇಕ್ ಮಾಡಲೇಬೇಡಿ.

ಮಳೆ

ಬಹುದಿನಗಳ ನಂತರ ಬಂದ ಮಳೆಯ ಮೊದಲ ಕಾಲು ಗಂಟೆ ರಸ್ತೆ ಜಾರುತ್ತದೆ. ಧೂಳು ಮತ್ತು ಎಣ್ಣೆ ನೀರಿಗೆ ಸೇರಿ ಮೇಲೆ ಬಂದಿರುತ್ತವೆ. ನೀರು ನಿಂತ ಪಟ್ಟಿಯ ಮೇಲೆ ವೇಗವಾಗಿ ಹೋದರೆ ಟೈರ್ ನೀರನ್ನು ಪಕ್ಕಕ್ಕೆ ತಳ್ಳಲಾಗದೆ ಅದರ ಮೇಲೆಯೇ ತೇಲುತ್ತದೆ. ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾದದ್ದೇ ಗುರುತು. ಆಗ ಬ್ರೇಕ್ ಬೇಡ, ತಿರುಗಿಸುವುದೂ ಬೇಡ. ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಮಳೆಯಲ್ಲಿ ಕ್ರೂಸ್ ಕಂಟ್ರೋಲ್ (ವೇಗವನ್ನು ತಾನಾಗಿ ಒಂದೇ ಸಮ ಇಡುವ ಸೌಲಭ್ಯ) ಬಳಸಬಾರದು. ಜೋರು ಮಳೆಯಲ್ಲಿ 60ಕ್ಕಿಂತ ಹೆಚ್ಚು ಬೇಡ, ಲೋ ಬೀಮ್ ಹಚ್ಚಿ.

ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಚಟ ನಮ್ಮಲ್ಲಿ ವ್ಯಾಪಕ. ಹಾಗೆ ಮಾಡಿದರೆ ನೀವು ಲೇನ್ ಬದಲಿಸುವುದು ಹಿಂದಿನವರಿಗೆ ತಿಳಿಯುವುದಿಲ್ಲ, ನಿಂತಿದ್ದೀರೋ ಹೋಗುತ್ತಿದ್ದೀರೋ ಅದೂ ತಿಳಿಯುವುದಿಲ್ಲ. ಅದು ನಿಂತ ವಾಹನಕ್ಕೆ ಇರುವ ದೀಪ. ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ, 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಆದಂತೆ, ಆಳ ಗೊತ್ತಿಲ್ಲದೆ ಇಳಿಯಬೇಡಿ.

ರಾತ್ರಿ ಮತ್ತು ನಿದ್ದೆ

ಮೊದಲ ಕೆಲವು ಪ್ರಯಾಣಗಳಲ್ಲಿ ರಾತ್ರಿ ಓಡಿಸಲೇಬೇಡಿ. ಲೋ ಬೀಮ್ ಬೆಳಕಿನಲ್ಲಿ ರಸ್ತೆ ಸ್ಪಷ್ಟವಾಗಿ ಕಾಣುವುದು ಸುಮಾರು 50 ಮೀಟರ್. 80ರಲ್ಲಿ ನಿಲ್ಲಲು 70 ಬೇಕು ಎಂದು ಆಗಲೇ ನೋಡಿದೆವು. ದೀಪವಿಲ್ಲದೆ ನಿಂತ ಲಾರಿಗೆ ಕಾರುಗಳು ಹಿಂದಿನಿಂದ ಗುದ್ದುವುದು ಈ ವ್ಯತ್ಯಾಸದಿಂದಲೇ. ಖಾಲಿ ರಸ್ತೆಯಲ್ಲಿ ಹೈ ಬೀಮ್ ಹಾಕಿ, ಎದುರು ಅಥವಾ ಮುಂದೆ ವಾಹನ ಕಂಡಾಗ ಡಿಪ್ ಮಾಡಿ, ಆಗ ವೇಗವನ್ನೂ ಇಳಿಸಿ. ಎದುರಿನ ಬೆಳಕು ಕಣ್ಣು ಕುಕ್ಕಿದರೆ ಎಡ ಅಂಚಿನ ಬಿಳಿ ಗೆರೆ ನೋಡಿ. ಒಂದೇ ದೀಪ ಕಂಡರೆ ಬೈಕ್ ಎಂದು ತೀರ್ಮಾನಿಸಬೇಡಿ. ಇನ್ನೊಂದು ದೀಪ ಹೋದ ಟ್ರ್ಯಾಕ್ಟರ್ ಇರಬಹುದು.

ಬೆಳಿಗ್ಗೆ ಐದೂವರೆ, ಆರಕ್ಕೆ ಹೊರಡುವುದು ಒಳ್ಳೆಯದು, ಹಿಂದಿನ ರಾತ್ರಿ ಏಳು ಗಂಟೆ ನಿದ್ದೆ ಮಾಡಿದ್ದರೆ. ಎರಡು ಗಂಟೆಗೊಮ್ಮೆ, ಅಂದರೆ ಶಿರಾ ಅಥವಾ ಹಿರಿಯೂರು, ದಾವಣಗೆರೆ, ಹಾವೇರಿ ಆಸುಪಾಸಿನಲ್ಲಿ, ಹದಿನೈದು ನಿಮಿಷ ಇಳಿದು ಓಡಾಡಿ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಬೇಡಿ ಎಂದು ಹೇಳುವಷ್ಟು ಕಟುಕರಲ್ಲ ನಾವು, ಆದರೆ ಎರಡು ದೋಸೆಗೆ ನಿಲ್ಲಿಸಿ. ನಿದ್ದೆ ಎಳೆಯುವ ಹೊತ್ತುಗಳೆಂದರೆ ಮಧ್ಯಾಹ್ನ ಎರಡರಿಂದ ನಾಲ್ಕು, ಬೆಳಗಿನ ಜಾವ ಎರಡರಿಂದ ಐದು.

ಆಕಳಿಕೆ ಮೇಲೆ ಆಕಳಿಕೆ, ಕಳೆದ ಐದು ಕಿ.ಮೀ. ಹೇಗೆ ಬಂದೆ ಎಂದು ನೆನಪಾಗದಿರುವುದು, ಲೇನಿನ ಗೆರೆ ಮೇಲೆ ಟೈರ್ ಹತ್ತುವುದು – ಇಷ್ಟಾದರೆ ತೂಕಡಿಕೆ ಆಗಲೇ ಬಂದಾಯಿತು. ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ 100ರಲ್ಲಿ ಕಾರು 110 ಮೀಟರ್ ಹೋಗಿರುತ್ತದೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಐದು ನಿಮಿಷದ ಆಟ. ಪೆಟ್ರೋಲ್ ಬಂಕಿಗೆ ಹೋಗಿ, ಕಾಫಿ ಕುಡಿದು, ಕೂಡಲೇ 20 ನಿಮಿಷ ಮಲಗಿ. ಕಾಫಿ ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕು, ಏಳುವಾಗ ಎರಡೂ ಒಟ್ಟಿಗೆ ದಕ್ಕುತ್ತವೆ. ಎಸಿಯನ್ನು ಗಂಟೆಗಟ್ಟಲೆ ಒಳಗಾಳಿಯಲ್ಲೇ ಇಟ್ಟರೂ ತಲೆ ಭಾರವಾಗುತ್ತದೆ, ಆಗಾಗ ಹೊರಗಾಳಿಗೆ ಬದಲಿಸಿ.

ಕಾರು ಕೆಟ್ಟರೆ, ಟೈರ್ ಸಿಡಿದರೆ

ಟೈರ್ ಸಿಡಿದಾಗ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ತಡೆಯಿರಿ. ಜೋರು ಬ್ರೇಕ್ ಹಿಡಿದರೆ ತೂಕ ಮುಂದಕ್ಕೆ ಬಂದು ಕಾರು ತಿರುಗುತ್ತದೆ. ಸ್ಟಿಯರಿಂಗ್ ಗಟ್ಟಿ ಹಿಡಿದು ನೇರ ಇಟ್ಟುಕೊಳ್ಳಿ, ಆಕ್ಸಿಲರೇಟರ್ ನಿಧಾನ ಬಿಡಿ, 40ಕ್ಕಿಂತ ಕೆಳಗೆ ಇಳಿದ ಮೇಲೆ ಮೆಲ್ಲಗೆ ಬ್ರೇಕ್ ಹಾಕುತ್ತಾ ಎಡಕ್ಕೆ ಬನ್ನಿ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದರೆ ಅದನ್ನು ಕೀಳಬೇಡಿ. ಗಾಳಿ ತುಂಬಿಸಿಕೊಂಡು ನಿಧಾನವಾಗಿ ಹತ್ತಿರದ ಪಂಚರ್ ಅಂಗಡಿ ಸೇರಬಹುದು. ಎಂಜಿನ್ ಬಿಸಿ ಮುಳ್ಳು ಮೇಲೇರಿದರೆ ನಿಲ್ಲಿಸಿ ಅರ್ಧ ಗಂಟೆಯಾದರೂ ಆರಲು ಬಿಡಿ, ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ನಿಲ್ಲಿಸುವುದಾದರೆ ರಸ್ತೆಯಿಂದ ಪೂರ್ತಿ ಹೊರಗೆ. ತಿರುವಿನಲ್ಲಿ, ಫ್ಲೈಓವರ್ ಇಳಿಜಾರಿನಲ್ಲಿ ಮಾತ್ರ ಬೇಡ. ಸಿಡಿದ ಟೈರಿನಲ್ಲೇ ನಿಧಾನ ಇನ್ನೂರು ಮೀಟರ್ ಮುಂದೆ ಹೋದರೆ ರಿಮ್ ಹಾಳಾಗಬಹುದು, ಆಗಲಿ. ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಎಡಬಾಗಿಲಿನಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಿ. ಕಾರಿನೊಳಗೆ ಕೂತು ಕಾಯುವುದು, ಕಾರಿನ ಹಿಂದೆ ನಿಂತು ಫೋನ್ ಮಾಡುವುದು ಎರಡೂ ಅಪಾಯ. ಕೆಂಪು ತ್ರಿಕೋನವನ್ನು ಎದೆಯ ಮುಂದೆ ಹಿಡಿದು, ಬರುವ ವಾಹನಗಳಿಗೆ ಮುಖ ಮಾಡಿ ಅಂಚಿನಲ್ಲೇ ನಡೆದು, ಕನಿಷ್ಠ 50 ಮೀಟರ್, ಸಾಧ್ಯವಾದರೆ 100 ಮೀಟರ್ ಹಿಂದೆ ಇಡಿ. ಕಲ್ಲು, ಸೊಪ್ಪು ಇಡಬೇಡಿ. ಹೊರಡುವಾಗ ಕಲ್ಲು ಅಲ್ಲೇ ಉಳಿದು ಕತ್ತಲಲ್ಲಿ ಇನ್ನೊಬ್ಬರಿಗೆ ತಗಲುತ್ತದೆ. ಬಲಬದಿಯ ಚಕ್ರ ಬದಲಿಸುವಾಗ ನಿಮ್ಮ ಬೆನ್ನು ಓಡುವ ಲೇನಿಗೆ ಇರುತ್ತದೆ. ಜಾಗ ಸಾಲದಿದ್ದರೆ ಆ ಸಾಹಸ ಬಿಟ್ಟು ನೆರವು ಕರೆಯಿರಿ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯವಾಣಿ 1033, ತುರ್ತಿಗೆ 112, ಆಂಬುಲೆನ್ಸ್‌ಗೆ 108. ಅಪಘಾತ ಕಂಡಾಗ ನಿಂತು ನೆರವಾದವರನ್ನು 2019ರ ತಿದ್ದುಪಡಿಯ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಿಸುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. ಫೋನಿನಲ್ಲಿ 'ಚಿತ್ರದುರ್ಗ ದಾಟಿ ಒಂದು ಡಾಬಾ ಹತ್ತಿರ' ಎಂದರೆ ಯಾರಿಗೂ ಪ್ರಯೋಜನವಿಲ್ಲ. ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ಓದಿ ಹೇಳಿ, ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನೂ ಸೇರಿಸಿ. ಬದಿ ತಪ್ಪಾಗಿ ಹೇಳಿದರೆ ಆಂಬುಲೆನ್ಸ್ ಡಿವೈಡರ್ ಆಚೆ ಬಂದು ನಿಂತು, ಮುಂದಿನ ತಿರುವಿನವರೆಗೆ ಹೋಗಿ ಸುತ್ತಿ ಬರಬೇಕಾಗುತ್ತದೆ.